ಕೆಲೆರಾ ಅಳೆದ ಹತ್ತನೆಯ ಗಂಡಸು

ಕೆಲೆರಾಗೆ ಒಂದು ಕಡೆ ಕೂತು ಗೊತ್ತಿಲ್ಲ. ಸುವಾ ಪಟ್ಟಣದ ನಮ್ಮ ಆಸ್ಪತ್ರೆಯ ಹಿಂಬದಿ ಕೋಣೆಯಲ್ಲಿ ಅವಳ ಕೆಲಸ ಚರ್ಮ ಅಳೆಯುವುದು. ಪುಟ್ಟ ಕೊಳವೆಯೊಂದು ಚರ್ಮವನ್ನು ಮೇಲಕ್ಕೆ ಹೀರಿ ಬಿಡುತ್ತದೆ. ಅದು ಎಷ್ಟರಮಟ್ಟಿಗೆ ತನ್ನ ಜಾಗಕ್ಕೆ ಮರಳಿತೆಂದು ಯಂತ್ರ ಹೇಳುತ್ತದೆ. ಹಣೆ, ಕೆನ್ನೆ, ಮುಂಗೈ, ಕೈಯ ಹೊರಮೈ, ಹೊಟ್ಟೆ, ಮೀನಖಂಡ. ಆರೋಗ್ಯವಂತರ ಅಂಕಿ ಗೊತ್ತಿದ್ದರೆ ಸುಟ್ಟು ಬಂದವರ ಚರ್ಮ ಎಷ್ಟು ಸುಧಾರಿಸಿದೆ ಎಂದು ಹೋಲಿಸಬಹುದು. ಎಲ್ಲರನ್ನೂ ಒಂದೇ ಕೈ ಅಳೆಯಬೇಕು, ಆ ಕೈ ಅವಳದು. ನಾನು ಹೆಸರು ಬರೆದುಕೊಳ್ಳುವವಳು.

ಒಟ್ಟು ಎಂಬತ್ತು ಜನರಲ್ಲಿ ಅರವತ್ತು ದಾಟಿದ ಗಂಡಸರು ಹತ್ತು ಜನ ಬೇಕಿತ್ತು. ಹತ್ತನೆಯವನಾಗಿ ಬಂದವನು ಅವಳ ದೊಡ್ಡಪ್ಪನ ಮಗ ಇಸಿಮೇಲಿ. ಅವರ ಜನರಲ್ಲಿ ಬೆಳೆದ ಅಣ್ಣ ತಂಗಿ ನೇರವಾಗಿ ಮಾತಾಡುವುದಿಲ್ಲ, ಮುಟ್ಟುವುದಂತೂ ಇಲ್ಲವೇ ಇಲ್ಲ. ಅವನು ಗೋಡೆ ಕಡೆ ತಿರುಗಿದ, ಇವಳು ಕಿಟಕಿ ಕಡೆ. ನಾನು ಚಹಾ ಕೊಟ್ಟು ಅವನನ್ನು ಕಳಿಸಿದೆ. ಆಮೇಲೆ ಈ ಪುಣ್ಯಾತ್ಗಿತ್ತಿ ಕೊಳವೆಯನ್ನು ತನ್ನ ಮೈಗೇ ಒತ್ತಿಕೊಂಡು, ಬಂದ ಅಂಕಿಗಳನ್ನು ಅವನ ಹೆಸರಲ್ಲಿ ಬರೆದಳು.

"ಒಂದೇ ರಕ್ತ ಅಲ್ವೇನೆ? ಚರ್ಮ ಬೇರೆ ಇರತ್ತಾ?"

ಸೋಮವಾರ ಡಾಕ್ಟರಮ್ಮ ಆ ಹಾಳೆ ಎತ್ತಿ ಹಿಡಿದರು. "ಇವನು ಮೀನುಗಾರ ಅಲ್ವಾ? ಅಂಕಿ ನೋಡಿದ್ರೆ ಈ ಕೈ ಬಿಸಿಲೇ ಕಂಡಿಲ್ಲ. ಶುಕ್ರವಾರದೊಳಗೆ ಮತ್ತೆ ಅಳೀರಿ. ಇದು ಸುಳ್ಳಾದ್ರೆ ಉಳಿದ ಎಪ್ಪತ್ತೊಂಬತ್ತು ಹಾಳೇನ ಹೇಗೆ ನಂಬ್ಲಿ?"

ಹನ್ನೊಂದು ತಿಂಗಳ ದುಡಿಮೆ ಅದು. ಕೆಲೆರಾ ಅಂಡು ಸುಟ್ಟ ಬೆಕ್ಕಿನ ಹಾಗೆ ಓಡಾಡಿದಳು. ವೈರು ಸುತ್ತುವಳು, ಬಿಚ್ಚುವಳು. ಬೇಯಿಸಿದ ಗೆಣಸು ತಟ್ಟೆಯಲ್ಲೇ ಆರುತ್ತಿತ್ತು.

"ನಾನೇ ಅಳೆದುಬಿಡ್ಲಾ?" ಎಂದೆ.

"ಮತ್ತೆ ಸುಳ್ಳಾ? ಕೈ ಒಂದೇ ಇರ್ಬೇಕು."

ನನಗೆ ರೇಗಿತು. "ಕೆಟ್ಟ ಮೇಲೆ ಬುದ್ಧಿ ಬಂತು. ಹಾಗಾದ್ರೆ ಹೋಗಿ ಅವನನ್ನೇ ಕೇಳು."

ಗುರುವಾರ, ಅವರಲ್ಲಿ ತಪ್ಪೊಪ್ಪಿಕೊಳ್ಳುವಾಗ ಮುಂದಿಡುವ ಯಾಂಗೋನ ಬೇರಿನ ಕಟ್ಟು ಹಿಡಿದು ಅವನ ಊರಿಗೆ ಹೋದೆವು. ಬೇರನ್ನು ಅವನ ಮುಂದಿಟ್ಟವಳು ನಾನು. ಅವಳು ಅಂಗಳದಲ್ಲಿ ಬೆನ್ನು ಹಾಕಿ ನಿಂತು, ನನಗೆ ಹೇಳುವ ಹಾಗೆ ತಪ್ಪೊಪ್ಪಿಕೊಂಡಳು. ಇಸಿಮೇಲಿ ಬೇರನ್ನು ಎತ್ತಿಕೊಂಡ. ಆಮೇಲೆ ಬಾಗಿಲಿಗೆ ದುಪ್ಪಟಿ ಕಟ್ಟಿಸಿ, ಅದರಡಿಯಿಂದ ಕೈ ಚಾಚಿದ.

"ಯಂತ್ರ ಮುಟ್ಲಿ. ಬೆರಳು ತಾಗ್ಬಾರ್ದು ಅಂತ ಹೇಳು."

"ಹಣೆ ಅಳೆಯೋಕೆ, ಹೊಟ್ಟೆ ಅಳೆಯೋಕೆ ಅಂತ ತೂತು ಮಾಡಿದ್ರೆ ನನ್ನ ದುಪ್ಪಟಿ ಬಲೆ ಆಗತ್ತೆ," ಎಂದಳು ಅವನ ಹೆಂಡತಿ.

ಕೆಲೆರಾ ಕೊಳವೆ ಇಟ್ಟಳು. ಮೇಲೆದ್ದ ಚರ್ಮ ಅರ್ಧದಲ್ಲೇ ನಿಂತಿತು. ಅಂಕಿ ಅವಳದರ ಅರ್ಧವೂ ಇರಲಿಲ್ಲ.

"ಇಷ್ಟು ವಯಸ್ಸಾಗಿದೆ, ಇವನು ಈಗ್ಲೂ ಒಬ್ಬನೇ ಸಮುದ್ರಕ್ಕೆ ಹೋಗ್ತಾನಾ, ಕೇಳೇ," ಎಂದಳು ನನಗೆ.

ದುಪ್ಪಟಿಯಾಚೆಯಿಂದ ಉತ್ತರವೂ ನನಗೇ ಬಂತು. "ಹೋಗ್ತಾನೆ ಅಂತ ಹೇಳು. ಕೊಳವೆ ನಡುಗ್ತಿದೆ ಅಂತಾನೂ ಹೇಳು. ಈ ಅಂಕಿ ಬರೀಬಾರ್ದು. ನಾನು ಇಲ್ಲೇ ಇರ್ತೀನಿ, ಮತ್ತೆ ಅಳೀಲಿ."

ಅವಳು ಕಣ್ಣೊರೆಸಿಕೊಂಡು ಮತ್ತೆ ಅಳೆದಳು. ಕೈ ನಡುಗಲಿಲ್ಲ. ಅಂಕಿ ಮಾತ್ರ ಅಷ್ಟೇ ಇತ್ತು. ಅದನ್ನೇ ಬರೆದಳು, ಉಳಿದ ಜಾಗಗಳನ್ನೂ ದುಪ್ಪಟಿ ಅಷ್ಟಷ್ಟೇ ಸರಿಸಿ ಅಳೆದಳು. ಹಳೆಯ ಹಾಳೆಯ ಮೇಲೆ ಅವನ ಹೆಸರು ಹೊಡೆದುಹಾಕಿ ತನ್ನ ಹೆಸರು ಬರೆದಳು.

ಎರಡು ಹಾಳೆಯನ್ನೂ ಓದಿದ ಡಾಕ್ಟರಮ್ಮ ಸರಿಯಾಗಿ ಬೈದರು, ಎಪ್ಪತ್ತೊಂಬತ್ತನ್ನೂ ಉಳಿಸಿಕೊಂಡರು. ಕೆಲೆರಾಗೆ ಮಾತ್ರ ನೆಮ್ಮದಿಯಿಲ್ಲ. ಗಾಳಿ ಎದ್ದ ದಿನ ಕಿಟಕಿಗೂ ಬಾಗಿಲಿಗೂ ಓಡಾಡುತ್ತಾಳೆ. ದೋಣಿ ದಡಕ್ಕೆ ಬಂತಾ ಎಂದು ಅತ್ತಿಗೆಯನ್ನು ಕೇಳಬೇಕು. ಫೋನು ಅವನೇ ಎತ್ತಿಬಿಟ್ಟರೆ ಎಂದು ನನ್ನ ಕೈಲಿ ಮಾಡಿಸುತ್ತಾಳೆ.