ಸ್ವೆಟರ್ ಅಂಗಡಿಗಳಿಂದ ಬರುವ ಕನ್ನಡ

ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನಲ್ಲಿ ಜನವರಿಯ ಬೆಳಗು ಒಮ್ಮೆಲೇ ಆಗಿಬಿಡುವುದಿಲ್ಲ. ಮೊದಲು ಮಠದ ಕಡೆಯಿಂದ ಉದ್ದನೆಯ ಕಹಳೆಯ ಸದ್ದು ಬರುತ್ತದೆ. ಆಮೇಲೆ ಮಂಜಿನೊಳಗಿಂದ ಕೊಯ್ದ ಮುಸುಕಿನ ಜೋಳದ ಹೊಲ, ಮಾಸಿದ ಬಣ್ಣದ ಪತಾಕೆ, ಮಲಗಿರುವ ನಾಯಿ ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಬೆಳಕು ಬರುವುದು ಎಲ್ಲಕ್ಕಿಂತ ಕೊನೆಗೆ. ಅದಕ್ಕೂ ಮುಂಚೆ ಬಸ್ಸಿಳಿದು, ತಲೆಯ ಮೇಲೆ ಶಾಲು ಹೊದ್ದು, ಅರ್ಧ ಎತ್ತಿದ ಶಟರ್ ಕೆಳಗೆ ಬಗ್ಗಿ ಒಳಗೆ ಹೋಗುವ ಹೆಂಗಸೇ ಶಾಂತಲಾ.

ಅದು ಶಿವಶಂಕರನ ಸೈಬರ್ ಕೆಫೆ. ಅವನಿನ್ನೂ ಕಸ ಗುಡಿಸುತ್ತಿದ್ದಾನೆ. ಮೂಲೆಯ ಕಂಪ್ಯೂಟರ್ ಗುರುಗುಟ್ಟುತ್ತಾ ಏಳುತ್ತದೆ. ಪುಟವೊಂದು ಮೇಲಿನಿಂದ ಕೆಳಕ್ಕೆ ಚೂರುಚೂರಾಗಿ ಬಿಚ್ಚಿಕೊಳ್ಳುತ್ತದೆ. ಮೊದಲು ಹೆಸರು, 'ಚಳಿಗಾಲದ ತರಗತಿ'. ಅದರ ಕೆಳಗೆ ನಿನ್ನೆ ದಾವಣಗೆರೆಯಿಂದ ನಾರ್ಬು ಎಂಬ ಯುವಕ ಬರೆದದ್ದು: 'ಒಬ್ಬ ಅಜ್ಜ ಬಂದರು. ಟೋಪಿ ಹಾಕಿಕೊಂಡರು. ಕನ್ನಡಿ ನೋಡಿ ನಕ್ಕರು. ಟೋಪಿ ತೆಗೆದುಕೊಳ್ಳಲಿಲ್ಲ. ನಗು ನನ್ನ ಅಂಗಡಿಯಲ್ಲಿ ಬಿಟ್ಟು ಹೋದರು.'

ಶಾಂತಲಾ ಅದನ್ನು ಎರಡು ಸಲ ಓದುತ್ತಾರೆ. ಎರಡನೆಯ ಸಲ ತುಟಿ ಅಲುಗಿಸಿಕೊಂಡು ಓದುತ್ತಾರೆ. "ಇದುನ್ನ ನಾನ್ ಹೇಳ್ಕೊಟ್ಟಿಲ್ಲ ಕಣ್ರೀ. ನನ್ನ ಯಾವ ಪಾಠದಲ್ಲೂ ನಗು ಬಿಟ್ಟೋಗೋ ಅಜ್ಜ ಇಲ್ಲ," ಎನ್ನುತ್ತಾರೆ. ಹೇಳುವಾಗ ಅವರ ಮುಖದಲ್ಲಿ ಒಂದು ಬಗೆಯ ಕಳ್ಳಖುಷಿ ಇರುತ್ತದೆ.

ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿಯ ಸೊಸೆ ಅವರು. ಕನ್ನಡದಲ್ಲಿ ಬಿ.ಎ. ಓದಿ ಮೇಷ್ಟ್ರ ಕೆಲಸಕ್ಕೆ ಅರ್ಜಿ ಹಾಕಿ ಹಾಕಿ ಸುಸ್ತಾದವರು. ಗಂಡ ಉಮಾಶಂಕರ ಹೊಗೆಸೊಪ್ಪು ಬೆಳೆಯುತ್ತಾರೆ. ಬೆಳಗಿನ ಪಾಠ ಮುಗಿಸಿ ಮನೆಗೆ ಮರಳಿದರೆ ಶಾಂತಲಾಗೂ ಸೊಪ್ಪನ್ನು ಬಣ್ಣ ನೋಡಿ ವಿಂಗಡಿಸುವ ಕೆಲಸವಿರುತ್ತದೆ. ಬೆರಳ ತುದಿಗೆ ಹತ್ತಿದ ಅದರ ಅಂಟು ಮಾರನೆಯ ದಿನ ಸೈಬರಿನ ಕೀಲಿಗಳಿಗೂ ಹತ್ತುತ್ತದೆ. ಶಿವಶಂಕರ ಗೊಣಗುತ್ತಲೇ ಒರೆಸುತ್ತಾನೆ.

ಕ್ಯಾಂಪಿನವರಿಗೆ ಕನ್ನಡ ಕಲಿಸುವ ಕೆಲಸ ಅವರಿಗೆ ಸಿಕ್ಕಿದ್ದು ಹೆಚ್ಚುಕಡಿಮೆ ಆಕಸ್ಮಿಕ. ಇಲ್ಲೇ ಹುಟ್ಟಿ ಬೆಳೆದವರಿಗೂ ಇಲ್ಲಿ ಕನ್ನಡ ಪರಭಾಷೆಯೇ. ಶಾಲೆಯಲ್ಲಿ ಟಿಬೆಟನ್, ಹಿಂದಿ, ಇಂಗ್ಲಿಷ್ ಆಗುತ್ತದೆ. ಕನ್ನಡವೆಂದರೆ ಸಂತೆಯಲ್ಲಿ ತರಕಾರಿ ಕೊಳ್ಳುವಷ್ಟು ಮಾತು. ಬಸ್ಸಿನ ಬೋರ್ಡು ಓದಲು ಪಕ್ಕದವರನ್ನು ಕೇಳಬೇಕು. ಇದು ಬೇಸರವಾಗಿ ದೊಡ್ಡವರು ಕೆಲವರು ಸೇರಿ ಮೇಡಂ ಬೇಕೆಂದಾಗ, ಹಳೆಯ ರತ್ನಗಂಬಳಿ ನೇಯುವ ಹಜಾರದ ಒಂದು ಕೋಣೆಯಲ್ಲಿ ತರಗತಿ ಶುರುವಾಯಿತು. ಶಾಂತಲಾ 'ಗೆನ್‌ಲಾ' ಆದರು. ಅಂದರೆ ಗುರುಗಳು.

ಆದರೆ ಈ ತರಗತಿಗೊಂದು ವಿಚಿತ್ರ ಕಾಯಿಲೆ. ದಸರಾ ಕಳೆಯುತ್ತಿದ್ದಂತೆ ಅದು ಖಾಲಿಯಾಗುತ್ತದೆ. ಕ್ಯಾಂಪಿನ ಮನೆಮನೆಯವರೂ ಸ್ವೆಟರ್ ಗಂಟು ಕಟ್ಟಿಕೊಂಡು ಹುಬ್ಬಳ್ಳಿ, ದಾವಣಗೆರೆ, ಗುಲ್ಬರ್ಗ ಎಂದು ಹೊರಟುಬಿಡುತ್ತಾರೆ. ಫುಟ್‌ಪಾತಿನಲ್ಲಿ ಅಂಗಡಿ ಹಾಕಿ ಚಳಿಗಾಲವಿಡೀ ಅಲ್ಲೇ ಇರುತ್ತಾರೆ. ಅವರ ಹೊಸವರ್ಷ ಲೋಸಾರ್ ಹತ್ತಿರ ಬಂದಾಗ ವಾಪಸಾಗುತ್ತಾರೆ, ಕಲಿತ ಅಕ್ಷರವನ್ನೆಲ್ಲ ದಾರಿಯಲ್ಲಿ ಚೆಲ್ಲಿಕೊಂಡು. ಶಾಂತಲಾ ಮತ್ತೆ ಅ, ಆ, ಇ, ಈ ಎಂದು ಶುರುಮಾಡಬೇಕು.

2006ರಲ್ಲಿ ಕ್ಯಾಂಪಿನ ಹಿರಿಯರೊಬ್ಬರು ಬಂದು ಮೆಲುದನಿಯಲ್ಲೇ ಹೇಳಿದರು: "ಗೆನ್‌ಲಾ, ನಿಮ್ಮದು ತಪ್ಪಿಲ್ಲ. ಆದರೆ ಚಳಿಗಾಲ ರೂಮು ಖಾಲಿ. ಸೊಸೈಟಿಗೆ ಗೋಡೌನ್ ಬೇಕು. ಲೋಸಾರ್ ಆದಮೇಲೆ ನೋಡ್ತೇವೆ. ಈ ಸಲವೂ ಮರೆತು ಬಂದರೆ, ತರಗತಿ ಸಾಕು."

ಅಂದು ಶಾಂತಲಾಗೆ ಮನೆಗೆ ಹೋಗುವ ಬಸ್ಸಿನಲ್ಲಿ ಅಳು ಬಂತಂತೆ. ಜೀವಮಾನದಲ್ಲಿ ತನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಆ ಒಂದು ಕೋಣೆ. ಅತ್ತೆ ಪುಟ್ಟತಾಯಮ್ಮ ಸಮಾಧಾನ ಹೇಳುವ ಪೈಕಿಯವರಲ್ಲ. "ಅಲ್ಲ ಕಣವ್ವ, ಕ್ಯಾಂಪ್ನೋರೆಲ್ಲ ಊರು ಬುಟ್ಟು ಓದ್ಮ್ಯಾಕೆ ನೀನ್ಯಾರ್ಗೆ ಪಾಠ ಏಳೀಯೆ? ಗೋಡೆಗಾ? ಬುಡು ಅತ್ಲಾಗೆ," ಅಂದರು.

ದಾರಿ ತೋರಿಸಿದವನು ಶಿವಶಂಕರ. ಅವನು ಹಕ್ಕಿಗಳ ಫೋಟೋ ಹಾಕುವ ಬ್ಲಾಗ್ ಒಂದನ್ನು ಇಟ್ಟುಕೊಂಡಿದ್ದ. "ಮೇಡಂ, ಹುಬ್ಳೀಲೂ ಸೈಬರ್ ಇರ್ತವೆ. ಇದೇ ಪುಟ ಅಲ್ಲೂ ಕಾಣ್ತದೆ ಕಣ್ರೀ. ಅವ್ರು ಅಲ್ಲಿಂದ್ಲೇ ಬರೀಲಿ, ನೀವ್ ಇಲ್ಲಿಂದ್ಲೇ ಓದಿ," ಎಂದ. ಶಾಂತಲಾಗೆ ಅದು ಕನಸಿನಲ್ಲಿ ಕೇಳಿದ ಮಾತಿನಂತಿತ್ತು. ಇಂಗ್ಲಿಷ್ ಕೀಲಿ ಒತ್ತಿದರೆ ಕನ್ನಡ ಮೂಡುವ ಬಗೆಯನ್ನು ತಾವು ಮೊದಲು ಕಲಿತರು. ಆಮೇಲೆ ಎಲ್ಲರನ್ನೂ ಸೈಬರಿಗೆ ಕರೆತಂದು ಕಲಿಸಿದರು.

ಬ್ಲಾಗ್ ಎಂದರೆ ಏನೆಂದು ಹೇಳುವುದಾದರೂ ಹೇಗೆ? ತರಗತಿಯಲ್ಲಿ ಟಿಬೆಟನ್ನರ ಹಳೆಯ ಕಾಲದ ಕಲಿಕೆಯ ಹಲಗೆಯಿತ್ತು. ಮರದ ಹಲಗೆಯ ಮೇಲೆ ಸುಣ್ಣದ ಪುಡಿ ಉದುರಿಸಿ, ಕಡ್ಡಿಯಲ್ಲಿ ಗೀಚಿ ಬರೆಯುವುದು. ಒರೆಸಿ, ಪುಡಿ ಉದುರಿಸಿ, ಮತ್ತೊಬ್ಬರು ಬರೆಯುವುದು. ಶಾಂತಲಾ ಅದನ್ನೇ ತೋರಿಸಿ, "ಇದು ಇಂಥದ್ದೇ ಒಂದು ಹಲಗೆ. ಯಾವ ಊರಿಂದ ಬೇಕಾದ್ರೂ ಕಾಣೋ ಹಲಗೆ," ಎಂದರು. ಎಲ್ಲರೂ ತಲೆಯಾಡಿಸಿದರು. ಗುಂಪಿನಲ್ಲಿ ಹಿರಿಯರಾದ ಯಾಂಗ್‌ಜೋಮ್ ಅವರಿಂದ ಮೊದಲ ಬರಹ ಹಾಕಿಸಿದರು. ಎಲ್ಲರಿಗೂ ಅವರು 'ಅಮಾಲಾ', ತಾಯಿಯ ಸಮಾನ. ಅವರು ಬರೆದದ್ದು: 'ನಾನು ಹುಬ್ಬಳ್ಳಿಗೆ ಹೋಗುತ್ತೇನೆ. ಅಲ್ಲಿ ಚಳಿ ಕಡಿಮೆ. ದೇವರೇ, ಸ್ವಲ್ಪ ಚಳಿ ಕೊಡು.' ಎಲ್ಲರೂ ನಕ್ಕರು. ಅಷ್ಟರಲ್ಲಿ ಕರೆಂಟ್ ಹೋಯಿತು. ಎರಡು ದಿನದಲ್ಲಿ ಕ್ಯಾಂಪೂ ಖಾಲಿಯಾಯಿತು.

ಆಮೇಲಿನವು ಶಾಂತಲಾ ಬದುಕಿನ ಅತಿ ಉದ್ದನೆಯ ತಿಂಗಳುಗಳು. ದಿನಾ ಬೆಳಗ್ಗೆ ಅದೇ ಮಂಜು, ಅದೇ ಬಸ್ಸು. ಪುಟ ಬಿಚ್ಚಿದರೆ ಅದೇ ಮೂರು ಸಾಲು. ದೇವರೇ, ಸ್ವಲ್ಪ ಚಳಿ ಕೊಡು. ಫೋನ್ ಮಾಡಿದರೆ ನಾರ್ಬು ಬಹಳ ವಿನಯದಿಂದ "ನೋಡ್ತಾ ಇದ್ದೇವೆ ಗೆನ್‌ಲಾ, ಚೆನ್ನಾಗಿದೆ" ಎನ್ನುತ್ತಿದ್ದ. ಎಲ್ಲರೂ ನೋಡುತ್ತಿದ್ದರು. ಬರೆಯುವವರು ಮಾತ್ರ ಒಬ್ಬರೂ ಇಲ್ಲ. ಗೋಡೌನಿಗೆ ಅಳತೆ ತೆಗೆಯಲು ಜನ ಬಂದು ಹೋದದ್ದನ್ನು ಶಾಂತಲಾ ರಸ್ತೆಯಾಚೆ ನಿಂತು ನೋಡಿದರು.

ಡಿಸೆಂಬರಿನಲ್ಲಿ ನಾರ್ಬು ಮನೆಯ ಪೂಜೆಗೆಂದು ಊರಿಗೆ ಬಂದ. ಶಾಂತಲಾ ಅವನನ್ನು ಸೈಬರಿಗೆ ಕರೆತಂದು ಕೂರಿಸಿ, "ಬರಿ ನೋಡೋಣ," ಎಂದರು. ಅವನು ಕೀಲಿ ಮುಟ್ಟಲಿಲ್ಲ.

"ಹೇಗೆ ಬರೆಯಲಿ ಗೆನ್‌ಲಾ? ಅಮಾಲಾ ಬರೆದದ್ದು ಇದೆ."

"ಇದ್ರೆ ಏನಾಯ್ತು?"

"ನಾನು ಬರೆದರೆ ಅದು ಹೋಗ್ತದೆ," ಎಂದು ಅಂಗೈಯಿಂದ ಗಾಳಿಯಲ್ಲಿ ಒರೆಸಿ ತೋರಿಸಿದ. "ಹಿರಿಯರು. ಅವರ ಅಕ್ಷರ ನಾವು ಹೇಗೆ ಒರೆಸೋದು?"

ನಾಲ್ಕೂರಿನಲ್ಲಿ ಹಂಚಿಹೋದ ಅಷ್ಟೂ ಜನ, ಒಬ್ಬರಿಗೊಬ್ಬರು ಹೇಳಿಕೊಳ್ಳದೆಯೂ, ಇದೇ ಮರ್ಯಾದೆಯಿಂದ ಕೈಕಟ್ಟಿ ಕುಳಿತಿದ್ದರು. ಅಮಾಲಾ ಇನ್ನು ಮತ್ತೊಬ್ಬರ ಸರದಿ ಎಂದು ಕಾದಿದ್ದರು. ಕ್ಯಾಂಪಿನಲ್ಲಿ ಅಕ್ಷರವನ್ನು ದಾಟುವುದಿಲ್ಲ, ತುಳಿಯುವುದಿಲ್ಲ. ತಾಯಿಯಂಥವಳು ಬರೆದದ್ದನ್ನು ಒರೆಸುವುದುಂಟೆ? ಹಲಗೆ ಎಂದವರು ಶಾಂತಲಾ. ಒರೆಸದ ಹಲಗೆ ಎಂದು ಹೇಳಲು ಮರೆತವರೂ ಅವರೇ.

ಮಾತಿನಲ್ಲಿ ವಿವರಿಸುವ ಗೋಜಿಗೆ ಅವರು ಹೋಗಲಿಲ್ಲ. ತಾವೇ ಒಂದು ಸಾಲು ಬರೆದು ಹಾಕಿದರು: 'ಬೈಲಕುಪ್ಪೆಯಲ್ಲಿ ಇವತ್ತು ತುಂಬಾ ಮಂಜು.' ಅಮಾಲಾ ಅವರ ಸಾಲುಗಳು ಮೆಲ್ಲನೆ ಕೆಳಗೆ ಸರಿದು ಜಾಗ ಮಾಡಿಕೊಟ್ಟವು. ನಾರ್ಬು ಪರದೆಯ ಹತ್ತಿರಕ್ಕೆ ಬಗ್ಗಿದ. ಇದೆ, ಅಲ್ಲೇ ಇದೆ. ಅವನು ಹೊರಗೋಡಿ ಎಲ್ಲರಿಗೂ ಫೋನ್ ಮಾಡಿದ. ಮಾರನೆಯ ಬೆಳಗ್ಗೆ ಪುಟ ಬಿಚ್ಚಿದಾಗ ಶಾಂತಲಾ ಕೆಳಗಿಳಿಸಿದಷ್ಟೂ ಬರಹಗಳಿದ್ದವು. ಗುಲ್ಬರ್ಗದ ಧೂಳು, ದಾವಣಗೆರೆಯ ಮಂಡಕ್ಕಿ, ಹುಬ್ಬಳ್ಳಿಯ ಮಳೆ. ಸ್ವೆಟರ್ ಕೊಳ್ಳದೆ ಒಂದು ಗಂಟೆ ಮುಟ್ಟಿ ನೋಡಿದ ಮದುಮಗಳು. ಶಾಂತಲಾ ಅಲ್ಲೇ ಅತ್ತರು. ಶಿವಶಂಕರ ಕಾಣದವನಂತೆ ಕಸ ಗುಡಿಸಿದ.

ಲೋಸಾರ್ ಆದಮೇಲೆ ಆ ಹಿರಿಯರು ಬಂದು ಪುಟವನ್ನು ಬಹಳ ಹೊತ್ತು ನೋಡಿದರು. ಓದಲು ಬಾರದಿದ್ದರೂ ಕೆಳಗೆ, ಇನ್ನೂ ಕೆಳಗೆ ಇಳಿಸಿ ನೋಡಿದರು. "ಇದು ಯಾರು ಹೇಳಿ ಬರೆಸಿದ್ದು?" ಎಂದು ಕೇಳಿದರು. ಯಾರೂ ಇಲ್ಲ ಎಂದರು ಶಾಂತಲಾ. ಗೋಡೌನ್ ಬೇರೆ ಕಡೆ ಎದ್ದಿತು.

ಇದು ಮೂರನೆಯ ಚಳಿಗಾಲ. ಈಗ ಶಾಂತಲಾ ಮಾಡುವ ಮುಖ್ಯ ಕೆಲಸವೆಂದರೆ ಕೈ ತಡೆದುಕೊಳ್ಳುವುದು. ಬರಹದಲ್ಲಿ ತಪ್ಪಿದ್ದರೆ ತಿದ್ದುವುದಿಲ್ಲ. ಕೆಳಗೆ ಒಂದು ಪ್ರಶ್ನೆ ಕೇಳಿ ಸುಮ್ಮನಾಗುತ್ತಾರೆ. ಒಂದೆರಡು ದಿನದಲ್ಲಿ ಇನ್ಯಾವುದೋ ಊರಿನ ಫುಟ್‌ಪಾತಿನಿಂದ ಇನ್ಯಾರೋ ಉತ್ತರ ಕೊಟ್ಟಿರುತ್ತಾರೆ, ಪಕ್ಕದ ಬಾಳೆಹಣ್ಣಿನ ಗಾಡಿಯವರನ್ನೋ ಆಟೋದವರನ್ನೋ ಕೇಳಿಕೊಂಡು ಬಂದು. "ನಾನ್ ತಿದ್ದುದ್ರೆ ನನ್ ಕನ್ನಡ ಆಯ್ತದೆ. ಅವ್ರೇ ತಡಕಾಡಿದ್ರೆ ಅವ್ರ್ದಾಯ್ತದೆ," ಎನ್ನುತ್ತಾರೆ. ಯಾಂಗ್‌ಜೋಮ್ ಇದನ್ನೇ ತಮ್ಮ ಬಗೆಯಲ್ಲಿ ಹೇಳುತ್ತಾರೆ: "ಗಿರಾಕಿ ನಗ್ತಾರೆ. ನಾನು ಕೇಳ್ತೇನೆ, ಯಾಕೆ ನಗು? ಅವರು ಹೇಳ್ತಾರೆ. ಆ ಮಾತು ಮತ್ತೆ ಮರೆಯಲ್ಲ."

ಪುಟ್ಟತಾಯಮ್ಮನವರ ಕಥೆಯೂ ಬದಲಾಗಿದೆ. ಅವರಿಗೆ ಅಕ್ಷರ ಬಾರದು. ಸೊಪ್ಪು ವಿಂಗಡಿಸುವಾಗ ಸೊಸೆ ಬೆಳಗ್ಗೆ ಓದಿದ್ದನ್ನು ಹೇಳಬೇಕು. ಹೇಳದಿದ್ದರೆ ತಾವೇ ಕೇಳುತ್ತಾರೆ: "ಆ ಅಮ್ಮ ಇವತ್ತೇನ್ ಬರ್ದವ್ಳವ್ವ? ಉಬ್ಬಳ್ಳೀಲಿ ಚಳಿ ಬಂತಂತಾ?"

ಶಾಂತಲಾ ಹುಬ್ಬಳ್ಳಿ ನೋಡಿಲ್ಲ. ಮೈಸೂರಿನಾಚೆ ಹೋದದ್ದೇ ಅಪರೂಪ. ಆದರೂ ಆ ಊರುಗಳ ಬೀದಿ, ಬೆಳಕು, ಸಂಜೆಯ ಜನ, ಎಲ್ಲವನ್ನೂ ತಮ್ಮ ವಿದ್ಯಾರ್ಥಿಗಳ ತೊದಲು ಕನ್ನಡದಲ್ಲಿ ಕಂಡಿದ್ದಾರೆ. ಆಸೆ ಏನಾದರೂ ಇದೆಯೇ ಎಂದರೆ, ಶಾಲು ಸರಿಮಾಡಿಕೊಂಡು ಕಿಟಕಿಯಾಚೆ ಕರಗುವ ಮಂಜನ್ನು ನೋಡುತ್ತಾರೆ.

"ಒಂದ್ಸಲ ಚಳಿಗಾಲದಲ್ಲಿ ಹುಬ್ಳಿಗೆ ಹೋಗ್ಬೇಕು ಕಣ್ರೀ. ಮುಖ ಕಾಣ್ದಂಗೆ ಸೆರಗು ಹೊದ್ಕೊಂಡು ಅಮಾಲಾ ಅಂಗ್ಡಿ ಮುಂದೆ ನಿಂತ್ಕಂಡು, ಗುರ್ತು ಹೇಳ್ದೆ, ನಮ್ಮತ್ತೇಗೊಂದು ಸ್ವೆಟರ್ ಕೇಳ್ಬೇಕು. ಚೆನ್ನಾಗಿ ಚೌಕಾಸಿ ಮಾಡ್ಬೇಕು." ಕಂಪ್ಯೂಟರ್ ಆರಿಸಲು ಕೈ ಚಾಚುತ್ತಾ ಸೇರಿಸುತ್ತಾರೆ: "ಅವ್ರ ಕನ್ನಡದ ಮುಂದೆ ನಾನ್ ಸೋತು, ಅವ್ರು ಹೇಳ್ದಷ್ಟು ಕೊಟ್ಟು ಬರ್ಬೇಕು."