ಬಾಣಂತಿಗೆ ಹೊತ್ತ ನೀರು

ಮಾರೆವ್ವನ ಉಪಕಾರ ನೆನೆಯದೆ ನಾನು ನನ್ನ ನೌಕರಿಯ ಮಾತು ಆಡಲಾರೆ. ಹೇಮಗುಡ್ಡದ ಆಚೆ, ಗುಡ್ಡದ ನೆತ್ತಿಯ ಮೇಲೆ ಇಪ್ಪತ್ತಾರು ಮನೆಗಳ ಒಂದು ಹಟ್ಟಿ. ಆಕೆ ಅಲ್ಲಿಯವಳು. ಇದ್ದದ್ದೊಂದೇ ಬಾವಿ, ಗುಡ್ಡದ ಬುಡದಲ್ಲಿ. ಮದುವೆಯಾಗಿ ಬಂದ ಮರುದಿನದಿಂದ ಮೂವತ್ತು ವರ್ಷ ಆಕೆ ಅಲ್ಲಿಂದಲೇ ನೀರು ಹೊತ್ತಿದ್ದಳು.

1999ರ ಬೇಸಿಗೆಯಲ್ಲಿ, ಯಾವ ಗುಡ್ಡದ ಊರಿಗೆ ಎಷ್ಟು ನೀರು ಬೇಕೆಂದು ಲೆಕ್ಕ ಬರೆದು ತರುವ ಕೆಲಸಕ್ಕೆ ನೀರು ಸರಬರಾಜು ಇಲಾಖೆಯವರು ನನ್ನನ್ನು ಹಾಕಿದ್ದರು. ದಿನಕ್ಕೆ ಇನ್ನೂರು ಕೊಡ ಮುಟ್ಟಿದ ಊರಿಗೆ ಪೈಪು, ಟಾಕಿ. ಮುಟ್ಟದಿದ್ದರೆ ಇಲ್ಲ.

ನಾನೋ ಮಹಾ ಜಾಣ, ಕಟ್ಟೆಯ ಮೇಲೆ ಕೂತ ಗಂಡಸರನ್ನು ಕೇಳಿದೆ. "ಮನಿಗೆ ನಾಕು ಕೊಡ ಆದ್ರ ಭಾಳ ಆತ್ರಿ," ಅಂದ ಹಿರಿಯ ಹನಮಪ್ಪ. ಪುಣ್ಯಾತ್ಮ, ಜನ್ಮದಲ್ಲಿ ಒಂದು ಕೊಡ ಎತ್ತಿದವನಲ್ಲ. ನೂರಾ ನಾಲ್ಕು ಅಂತ ಬರೆದುಕೊಂಡು, ಅವರು ಕೊಟ್ಟ ಚಹಾ ಕುಡಿದು, ಇಳಿಯತೊಡಗಿದೆ.

ಅರ್ಧ ದಾರಿಯಲ್ಲಿ ಮಾರೆವ್ವ ಎದುರಾದಳು. ತಲೆಯ ಮೇಲೆ ಎರಡು ಕೊಡ, ಟೊಂಕದಲ್ಲಿ ಒಂದು. ಏನು ಬರೆದಿರಿ ಅಂತ ಕೇಳಿದಳು, ಹೇಳಿದೆ.

"ಯಾರನ್ನ ಕೇಳಿದ್ರಿ? ಎತ್ತಿನ ಹುಣ್ಣಿನ ನೋವು ಕಾಗಿಗೇನು ಗೊತ್ತು? ತಿರುಗಿ ಹತ್ರಿ ಸಾಹೇಬ್ರ, ನಾ ಎಣಿಸಿ ಕೊಡತೀನಿ."

ಸಿಟ್ಟು ಬಂತು, ಬಿಸಿಲು ಬೇರೆ. ಆದರೆ ಮೂರು ಕೊಡ ಹೊತ್ತವಳ ಮುಂದೆ ಬರಿಗೈಯವನು ದಣಿದೆ ಅನ್ನುವುದು ಹೇಗೆ? ಬಾಯಿ ಮುಚ್ಚಿಕೊಂಡು ಹಿಂದೆ ಹತ್ತಿದೆ.

ಮರುದಿನ ಮುಂಜಾನೆ ಆಕೆ ದಾರಿಯ ತುದಿಯಲ್ಲಿ ಬುಟ್ಟಿ ಇಟ್ಟಳು. ಹೆಂಗಸರು ಒಂದು ಕೊಡ ತಂದರೆ ಒಂದು ಹುಣಸೆ ಬೀಜ ಹಾಕಬೇಕು. ಸಂಜೆ ಎಣಿಸಿದರೆ ನೂರಾ ತೊಂಬತ್ತು. ಹತ್ತೇ ಹತ್ತು ಕಡಿಮೆ. ಸುಳ್ಳು ಬರೆಯಲು ಕೈ ಬಾರದು, ಹಾಗೇ ಬಿಟ್ಟು ಬರಲು ಮನಸ್ಸು ಬಾರದು.

ಕೆಲವರು ಬೀಜ ಹಾಕದೆ ಮಾರೆವ್ವನ ಬಾಗಿಲಲ್ಲಿ ಕೊಡ ಇಳಿಸಿ ಹೋದದ್ದನ್ನು ನಾನು ಕಂಡಿದ್ದೆ. ಅವು ಯಾಕೆ ಬುಟ್ಟಿಗೆ ಬೀಳಲಿಲ್ಲ ಅಂತ ಕೇಳಿದೆ. ಹೆಂಗಸರು ಒಬ್ಬೊಬ್ಬರಾಗಿ ಬಿಡಿಸಿ ಹೇಳಿದರು. ಮಾರೆವ್ವನ ಸೊಸೆ ದುರ್ಗಾದೇವಿ ಬಾಣಂತಿ. ಹಟ್ಟಿಯಲ್ಲಿ ಯಾರೇ ಹಡೆಯಲಿ, ಎರೆಯಲು ಒಗೆಯಲು ಸರದಿಯ ಮೇಲೆ ದಿನಾ ಹನ್ನೆರಡು ಮನೆಯವರು ಒಂದೊಂದು ಕೊಡ ತಂದಿಡುತ್ತಾರೆ. ಬಾಣಂತಿ ಇಲ್ಲದ ತಿಂಗಳೇ ಅಲ್ಲಿಲ್ಲ. ಆದರೆ ಆ ಕೊಡ ಎಣಿಸಿದರೆ ಪುಣ್ಯ ಹೋದಂತೆ. ಬೀಜ ಹಾಕಲು ಒಬ್ಬಳೂ ಒಪ್ಪಲಿಲ್ಲ.

ಮಾರೆವ್ವ ಎದ್ದು ಬುಟ್ಟಿಯ ಬಳಿ ಬಂದಳು.

"ಕೊಟ್ಟಾಕಿ ಎಣಿಸಬಾರದು, ಖರೇ ಐತಿ. ತೊಗೊಂಡಾಕಿ ಎಣಿಸಬೇಕು. ಯಾರ ಋಣ ತಿಂದೀನಿ ಅಂತ ನನಗ ಗೊತ್ತಿರಬೇಕಲ್ಲ?"

ಒಂದೊಂದು ಮನೆಯ ಹೆಸರು ಹಿಡಿದು, ಕೈ ಹಣೆಗೆ ಮುಟ್ಟಿಸಿ, ಆಕೆ ಹನ್ನೆರಡು ಬೀಜ ಹಾಕಿದಳು. ಇನ್ನೂರಾ ಎರಡು. ಬರೆದುಕೊಳ್ಳುವಾಗ ನನ್ನ ಕಣ್ಣು ಮಂಜಾದವು, ಹೇಳಲು ನಾಚಿಕೆಯೇನಿಲ್ಲ.

ಎರಡು ವರ್ಷಕ್ಕೆ ನೀರು ಗುಡ್ಡ ಹತ್ತಿತು. ನಾನು ಕೈ ಮುಗಿದು ಬರೋಣವೆಂದು ಹೋದಾಗ ದುರ್ಗಾದೇವಿ ಎರಡನೆಯದನ್ನು ಹಡೆದಿದ್ದಳು. ಅತ್ತೆ ಬಚ್ಚಲಲ್ಲಿ ಸೊಸೆಗೆ ಎರೆಯುತ್ತಿದ್ದಾಳೆಂದು ಹೊರಗೆ ಕೂತೆ. ಹಿಂದಿನ ಬಾಣಂತನದಲ್ಲಿ, ಮಂದಿ ಹೊತ್ತು ತಂದದ್ದೆಂಬ ಸಂಕೋಚಕ್ಕೆ ಆ ಹುಡುಗಿ ನಾಲ್ಕು ಚೊಂಬಿಗೇ ಎದ್ದುಬಿಡುತ್ತಿದ್ದಳಂತೆ. ಈಗಲೂ ಆಕೆಯ ದನಿ ಕೇಳಿತು.

"ಸಾಕ್ರಿ ಅತ್ತಿ."

"ಸುಮ್ಮ ಕುಂದರವ್ವ," ಅಂದಳು ಮಾರೆವ್ವ. "ಇನ್ನೂ ಐತಿ."