ಉರಿಯದ, ತುರಿಸದ ಮಚ್ಚೆ

ನಮ್ಮೂರ ಹೆಂಗಸರು ವ್ಯಾನು ಹತ್ತಿ ಬಿಡದಿಯ ಫ್ಯಾಕ್ಟರಿಗಳ ಕಡೆ ಕೆಲಸಕ್ಕೆ ಹೋಗತೊಡಗಿದ್ದ ಕಾಲ. ಅವ್ವ ಅಲ್ಲೊಂದು ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚಿ ಪಾತ್ರೆ ತೊಳೆಯುತ್ತಿದ್ದಳು. ಆ ಕೆಲಸ ಸಿಕ್ಕಮೇಲೆ ಅವಳ ದನಿಯೇ ಒಸಿ ದೊಡ್ಡದಾಗಿತ್ತು. ಮನೆಯಲ್ಲಿ ಅಪ್ಪನೂ ಅವಳನ್ನು ಒಂದು ಮಾತು ಕೇಳುತ್ತಿದ್ದ.

ಅವಳ ಮೊಣಕೈ ಕೆಳಗೆ ಬಣ್ಣಗೆಟ್ಟ ಮಚ್ಚೆಯೊಂದು ಕಂಡಾಗ ಯಾರೂ ಹೆದರಲಿಲ್ಲ. ಅಲ್ಲಿ ಕೂದಲು ಉದುರಿ ಚರ್ಮ ಒಣಗಿತ್ತು. 'ಫ್ಯಾಕ್ಟ್ರಿ ಸೋಪಿನ ನೀರು ಕಣಕ್ಕ' ಎಂದಳು ಚಿಕ್ಕಮ್ಮ. ಮೆಡಿಕಲ್ ಸ್ಟೋರಿನವನು ಹುಳುಕಡ್ಡಿ ಎಂದು ಟ್ಯೂಬು ಕೊಟ್ಟ. ಚನ್ನಪಟ್ಟಣದ ಕ್ಲಿನಿಕ್ಕಿನಲ್ಲಿ ಅಲರ್ಜಿ ಎಂದು ಗುಳಿಗೆ ಬರೆದರು. ತೊನ್ನಿರಬೇಕು ಎಂದು ಪಿಸುಗುಟ್ಟಿದವರೂ ಇದ್ದರು.

'ತುರಿಸ್ತದಾ ಅವ್ವ?' ಎಂದು ನಾನು ಕೇಳುತ್ತಿದ್ದೆ.

'ತುರಿಸಾಕಿಲ್ಲ, ಉರಿಯಾಕಿಲ್ಲ. ಅದರ ಪಾಡಿಗೆ ಅದೈತೆ, ಬುಡು.'

ಉರಿಯದಿರುವುದೇ ಒಳ್ಳೆಯ ಲಕ್ಷಣವೆಂದು ನಾವೆಲ್ಲ ಸಮಾಧಾನಪಟ್ಟುಕೊಂಡಿದ್ದೆವು.

ಒಂದು ಬೆಳಿಗ್ಗೆ ಅವ್ವ ಮುದ್ದೆಗೆ ಎಸರಿಟ್ಟು ನನ್ನೊಂದಿಗೆ ಮಾತಾಡುತ್ತಾ ಕೂತಿದ್ದಳು. ಏನೋ ಸುಟ್ಟ ವಾಸನೆ ಬಂತು. ಹಿಟ್ಟೋ ಬಟ್ಟೆಯೋ ಎಂದು ನಾನು ಸುತ್ತ ನೋಡಿದೆ. ಅವಳ ಕಿರುಬೆರಳು ಒಲೆಯಲ್ಲಿ ಕಾದ, ಬೆಂಕಿ ಊದುವ ಕೊಳಪೆಗೆ ಅಂಟಿಕೊಂಡಿತ್ತು.

'ಅವ್ವಾ, ಕೈ!'

ಅವಳು ಕೈಯೆತ್ತಿ, ಅದು ಬೇರೆ ಯಾರದೋ ಎಂಬಂತೆ ನೋಡಿದಳು. ಕಿರುಚಲಿಲ್ಲ. ಅವಳು ಕಿರುಚದಿದ್ದುದಕ್ಕೆ ನನ್ನ ಎದೆ ಒಡೆದುಹೋಯಿತು.

ಅವತ್ತೇ ರಾಮನಗರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಚರ್ಮದ ಡಾಕ್ಟರು ವಯಸ್ಸಾದ ಹೆಂಗಸು. ಸುಟ್ಟ ಬೆರಳಿಗೆ ಪಟ್ಟಿ ಕಟ್ಟಿಸಿ, ರವಿಕೆ ಸಡಿಲಿಸಿ ಬೆನ್ನು ನೋಡಿದರು. ಅಲ್ಲೂ ಮಚ್ಚೆಗಳಿದ್ದವು. ನಾವು ಯಾರೂ ನೋಡಿರಲಿಲ್ಲ. ಆಮೇಲೆ ಹತ್ತಿಯನ್ನು ಎಳೆಯಾಗಿ ಹೊಸೆದು, 'ಕಣ್ಣು ಮುಚ್ಚಿಕೊಳ್ಳಮ್ಮ. ನಾನು ಮುಟ್ಟಿದ ಕಡೆ ಬೆರಳಿಟ್ಟು ತೋರ್ಸು' ಎಂದರು.

ಅವ್ವ ಕಣ್ಣು ಮುಚ್ಚಿ ಕೂತಳು. ಹತ್ತಿಯೆಳೆ ಮಚ್ಚೆಯ ಮೇಲೆ ಅಲ್ಲಿ ಇಲ್ಲಿ ತಾಗಿತು. ಅವ್ವ ಕದಲಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಕೇಳಿದಳು: 'ಯಾವಾಗ ಶುರು ಮಾಡ್ತೀರವ್ವ?'

ಡಾಕ್ಟರು ನನ್ನ ಮುಖ ನೋಡಿದರು. ಮೊಣಕೈ ಹಿಂದಿನ ನರವನ್ನು ಬೆರಳಿನಿಂದ ಒತ್ತಿ ನೋಡಿದರು. ಹುರಿಯಂತೆ ದಪ್ಪಗಾಗಿದೆ ಎಂದರು. ಚರ್ಮದ ಪರೀಕ್ಷೆಯೂ ಆದಮೇಲೆ ಕಾಯಿಲೆಯ ಹೆಸರು ಹೇಳಿದರು. ಕುಷ್ಠ.

'ನಾನು ಯಾರಿಗೇನ್ ಕೇಡು ಮಾಡಿದ್ದೆ?' ಎಂದಳು ಅವ್ವ.

'ಪಾಪಕ್ಕೆ ಬರೋದಲ್ಲಮ್ಮ, ಸೋಪಿಗೂ ಬರೋದಲ್ಲ. ಇದೊಂದು ಕ್ರಿಮಿ. ಔಷಧಿ ತಗೊಳ್ಳದ ರೋಗಿ ಜೊತೆ ಬಹಳ ಕಾಲ ಒಡನಾಟ ಇದ್ದರೆ ಉಸಿರಿನಿಂದ ಬರ್ತದೆ. ವರ್ಷಗಟ್ಟಲೆ ಒಳಗೇ ಇರ್ತದೆ. ಗುಳಿಗೆ ಶುರುಮಾಡಿದರೆ ಇನ್ನೊಬ್ಬರಿಗೆ ಹರಡೋದು ನಿಲ್ತದೆ, ಕಾಯಿಲೆ ವಾಸಿಯಾಗ್ತದೆ. ಆದರೆ ಸತ್ತ ನರ ತಿರುಗಿ ಬರ್ತದೆ ಅಂತ ನಾನು ಹೇಳಲಾರೆ.'

ಮನೆಯವರನ್ನೆಲ್ಲ ಪರೀಕ್ಷೆ ಮಾಡಲು ಆರೋಗ್ಯ ಇಲಾಖೆಯವರು ಊರಿಗೆ ಬಂದರು. ನಮಗೆ ಯಾರಿಗೂ ಇರಲಿಲ್ಲ. ಆದರೆ ಅವರು ನಮ್ಮ ಬಾಗಿಲಿಗೆ ಯಾಕೆ ಬಂದರೆಂದು ಬೀದಿಗೆಲ್ಲ ತಿಳಿಯಿತು. ವ್ಯಾನಿನಲ್ಲಿ ಅವ್ವನ ಪಕ್ಕದ ಸೀಟು ಖಾಲಿಯಾಯಿತು. ಕ್ಯಾಂಟೀನಿನ ಮೇಸ್ತ್ರಿ, 'ಊಟದ ವಿಷಯ ಕಣಮ್ಮ, ನೀನೇ ತಿಳ್ಕೊ' ಎಂದು ಗೇಟಿನಿಂದಲೇ ಕಳಿಸಿದ. ಹರಡುವುದಿಲ್ಲವೆಂದು ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಅವನು ಬಿಚ್ಚಿಯೂ ನೋಡಲಿಲ್ಲ. ಅಪ್ಪ ತನ್ನ ಚಾಪೆಯನ್ನು ಜಗಲಿಗೆ ಹಾಕಿಕೊಂಡ. ಚಿಕ್ಕಮ್ಮ ನಮ್ಮ ಮನೆಯಲ್ಲಿ ನೀರು ಕುಡಿಯುವುದನ್ನು ಬಿಟ್ಟಳು.

ಗುಳಿಗೆಗೆ ಅವ್ವನ ಮೈ ಕಪ್ಪಿಟ್ಟಿತು. ಆದರೂ ಒಂದು ದಿನ ತಪ್ಪಿಸಲಿಲ್ಲ. ವರ್ಷ ತುಂಬಿದ ಮೇಲೆ ಡಾಕ್ಟರು ವಾಸಿಯಾಗಿದೆ ಎಂದರು. ಅಷ್ಟರಲ್ಲಿ ಮಡಚಿಕೊಂಡಿದ್ದ ಕಿರುಬೆರಳು, ಉಂಗುರದ ಬೆರಳು ಮಾತ್ರ ನೆಟ್ಟಗಾಗಲಿಲ್ಲ. ಕೆಲಸಕ್ಕೆ ಯಾರೂ ಮತ್ತೆ ಕರೆಯಲಿಲ್ಲ.

ನನಗೆ ಮಗಳು ಹುಟ್ಟಿದಾಗ ಅವ್ವ ಬಾಣಂತನಕ್ಕೆ ನಿಂತಳು. ನೀರು ಕಾಯಿಸಿದಳು, ಅಡುಗೆ ಮಾಡಿದಳು, ಮಗುವನ್ನು ಮಾತ್ರ ಮುಟ್ಟಲಿಲ್ಲ.

'ಡಾಕ್ಟ್ರೇ ಹೇಳವ್ರಲ್ಲವ್ವ, ಏನೂ ಆಗಲ್ಲ ಅಂತ.'

'ಡಾಕ್ಟ್ರ ಕೂಸಲ್ಲ ಇದು' ಎಂದಳು.

ತಡೆಯಲಾರದೆ ಒಂದು ದಿನ ಮಗುವನ್ನು ಅವಳ ಮಡಿಲಲ್ಲಿ ಮಲಗಿಸಿಯೇಬಿಟ್ಟೆ. ಅವ್ವ ಎರಡೂ ಕೈಗಳನ್ನು ಮೇಲೆತ್ತಿ ಗೋಡೆಗೆ ಒರಗಿದಳು. ಮಗು ಅವಳ ಸೆರಗನ್ನು ಬಾಯಿಗೆಳೆದುಕೊಂಡಿತು.

'ಎತ್ಕೊ' ಎಂದಳು, ಅಳುತ್ತಾ. 'ಎತ್ಕೊಳ್ಳೇ, ಬಿರ್ನೆ.'

ನಾನು ಎತ್ತಿಕೊಂಡೆ.